ಒಡ್ಡಿನ ಮೇಲಿನ ಜಾಲಿ: ಕಡಿಯುವುದು, ಒಣಗಿಸುವುದು, ಬಳಸುವುದು
(ಬೆಳವಣಕಿ ಭಾಗದ ರೈತರಿಗಾಗಿ ಮಾಡಿದ ಭಾಷಣದ ಬರಹ ರೂಪ)



ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಎರೆ ಸೀಮೆಯಲ್ಲಿ ಮಳೆ ಕಡಿಮೆ, ಕಾಡು ಅದಕ್ಕಿಂತ ಕಡಿಮೆ. ಬೆಳವಣಕಿಯ ಸುತ್ತ ಎತ್ತ ನೋಡಿದರೂ ಬಯಲು. ಈ ಬಯಲಿನಲ್ಲಿ ರೈತನ ಮರವೆಂದರೆ ಹೊಲದ ಒಡ್ಡಿನ ಮೇಲಿನ ಜಾಲಿ, ಮನೆಯ ಹಿಂದಿನ ಬೇವು, ಹಳ್ಳದ ದಂಡೆಯ ಬಳ್ಳಾರಿ ಜಾಲಿ, ಎಲ್ಲಿಯೋ ಒಂದು ಹುಣಸೆ, ಒಂದು ಬನ್ನಿ. ಕುಂಟೆಯ ದಿಂಡು, ಕೂರಿಗೆಯ ತಾಳು, ನೊಗ, ಕೊಡಲಿಯ ಕಾವು, ದನದ ಕೊಟ್ಟಿಗೆಯ ಕಂಬ, ಇವೆಲ್ಲ ಈ ಕೆಲವೇ ಮರಗಳಿಂದ ಬರಬೇಕು. ಟ್ರ್ಯಾಕ್ಟರು ಮತ್ತು ಕಬ್ಬಿಣದ ಉಪಕರಣಗಳು ಬಂದ ಮೇಲೂ ಈ ಅಗತ್ಯ ಪೂರ್ಣವಾಗಿ ತಪ್ಪಿಲ್ಲ.

ಆದರೆ ಮರದ ಕೆಲಸ ಬಹುತೇಕ ನಡೆಯುವುದು ಅವಸರದಲ್ಲಿ. ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದಾಗ ಕುಂಟೆಯ ದಿಂಡು ಮುರಿದದ್ದು ಕಣ್ಣಿಗೆ ಬೀಳುತ್ತದೆ. ಅದೇ ದಿನ ಒಡ್ಡಿನ ಜಾಲಿಗೆ ಕೊಡಲಿ ಬೀಳುತ್ತದೆ, ಮರುದಿನ ಬಡಿಗನು ಹಸಿಮರದಲ್ಲಿಯೇ ದಿಂಡು ಕೆತ್ತಿ ಕೊಡುತ್ತಾನೆ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಆ ದಿಂಡು ಸೀಳು ಬಿಟ್ಟಿರುತ್ತದೆ, ತೂತುಗಳು ಸಡಿಲಾಗಿರುತ್ತವೆ. ಬಡಿಗನ ಕೈಗುಣವನ್ನು ದೂರುವುದರಲ್ಲಿ ಅರ್ಥವಿಲ್ಲ. ಇಲ್ಲಿ ತಪ್ಪಿದ್ದು ಕಾಲ. ಅದೇ ಅವಸರ ಮರ ಕಡಿಯುವವನ ಕೈಕಾಲಿಗೂ, ಒಮ್ಮೊಮ್ಮೆ ಪ್ರಾಣಕ್ಕೂ ಎರವಾಗುತ್ತದೆ. ಆದ್ದರಿಂದ ಇಂದಿನ ಭಾಷಣದ ಸಾರವನ್ನು ಮೊದಲೇ ಹೇಳಬಹುದು: ಮುಂದಿನ ವರ್ಷದ ಮರವನ್ನು ಈ ವರ್ಷವೇ, ಬಿಡುವಿನಲ್ಲಿ, ಕ್ರಮವರಿತು ಕಡಿಯಬೇಕು.

ಯಾವ ಮರ ಯಾವ ಕೆಲಸಕ್ಕೆ

ಹಳೇ ಮೈಸೂರಿನ ಕಡೆ ಗೊಬ್ಬಳಿ ಎಂದು ಕರೆಯುವ ಕರಿಜಾಲಿ ಈ ಭಾಗದ ಒಕ್ಕಲುತನದ ಮುಖ್ಯ ಮರ. ಅದರ ಚೇಗು ಕಡಿದಾಗ ನಸುಗೆಂಪಾಗಿದ್ದು ಬರಬರುತ್ತ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಒಣಗಿದ ಜಾಲಿ ಒಂದು ಘನ ಅಡಿಗೆ ಸುಮಾರು 22ರಿಂದ 23 ಕಿ.ಗ್ರಾಂ ತೂಗುತ್ತದೆ. ಗಟ್ಟಿ, ಪೆಟ್ಟು ತಾಳುವ ಮರವಾದ್ದರಿಂದ ಚಕ್ಕಡಿಯ ಗಾಲಿ, ರಂಟೆ, ಕುಂಟೆ, ಕಾವುಗಳಿಗೆ ಹಿಂದಿನಿಂದಲೂ ಬಳಕೆಯಲ್ಲಿದೆ. ಹೊರಸುತ್ತಿನ ಬಿಳಿ ಭಾಗಕ್ಕೆ ಮಾತ್ರ ಹುಳು ಬೇಗ ಬೀಳುತ್ತದೆ. ಬಹುಕಾಲ ಬಾಳಬೇಕಾದ ಸಾಮಾನಿಗೆ ಚೇಗನ್ನೇ ಆರಿಸಬೇಕು.

ಬೇವಿನ ಮರಕ್ಕೆ ಹುಳುವಿನ ಕಾಟ ಕಡಿಮೆ. ಬಾಗಿಲು, ಪೆಟ್ಟಿಗೆ, ಹಲಗೆಗಳಿಗೆ ಅದು ಒಳ್ಳೆಯದು. ಹುಣಸೆ ಬಹಳ ಗಟ್ಟಿ, ಕೊಯ್ಯುವುದು ಕಷ್ಟ. ಹಣ್ಣು ಕೊಡುವ ಹುಣಸೆಯನ್ನು ಮರಕ್ಕಾಗಿ ಕಡಿಯುವುದು ಲಾಭವಲ್ಲ. ಹೊರದೇಶದಿಂದ ಬಂದು ನೆಲೆಯೂರಿದ ಬಳ್ಳಾರಿ ಜಾಲಿ ಸೊಟ್ಟಾಗಿ ಬೆಳೆಯುತ್ತದೆ. ಉರುವಲು, ಇದ್ದಿಲು, ಬೇಲಿಗೂಟಗಳಿಗೆ ಅದನ್ನು ಬಳಸಿ, ನೆಟ್ಟಗೆ ಬೆಳೆದ ಕರಿಜಾಲಿಯನ್ನು ಉಪಕರಣಗಳಿಗೆ ಉಳಿಸಿಕೊಳ್ಳುವುದು ಜಾಣತನ.

ಕಡಿಯುವ ಕಾಲ

ಕಡಲೆ ರಾಶಿ ಮುಗಿದು ಹೊಲ ಖಾಲಿಯಾದೊಡನೆ, ಶಿವರಾತ್ರಿಯ ಸುಮಾರಿಗೆ ಕಡಿಯುವುದು ಅನುಕೂಲ. ಆಗ ಮರ ಬಿದ್ದರೂ ಬೆಳೆಗೆ ಹಾನಿಯಿಲ್ಲ. ಬಿಸಿಲು ಇನ್ನೂ ತೀವ್ರವಾಗಿರುವುದಿಲ್ಲವಾದ್ದರಿಂದ ತುಂಡುಗಳು ಒಮ್ಮೆಲೇ ಒಣಗಿ ಸೀಳುವುದೂ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಕಡಿದರೆ ತುದಿಗಳು ಕೆಲವೇ ದಿನಗಳಲ್ಲಿ ಬಿರುಕು ಬಿಡುತ್ತವೆ.

ಕಡಿಯುವ ಮೊದಲು ಕಾಯಿದೆಯ ವಿಷಯವನ್ನೂ ತಿಳಿದಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ಹೊಲದ ಮರಕ್ಕೂ ಅನುಮತಿ ಬೇಕಾಗಬಹುದು. ಕೆಲವು ಜಾತಿಯ ಮರಗಳಿಗೆ ವಿನಾಯಿತಿಯುಂಟು. ಯಾವುದಕ್ಕೆ ವಿನಾಯಿತಿ, ಸಾಗಿಸಲು ರಹದಾರಿ ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಒಡ್ಡು ಇಬ್ಬರ ನಡುವಿನದಾಗಿದ್ದರೆ ನೆರೆಹೊಲದವರ ಒಪ್ಪಿಗೆಯನ್ನೂ ಪಡೆಯಬೇಕು.

ಆಯುಧಗಳ ಹದ

ಮೊಂಡ ಕೊಡಲಿ ಹರಿತವಾದ ಕೊಡಲಿಗಿಂತ ಅಪಾಯಕಾರಿ. ಅದು ಮರವನ್ನು ಕಚ್ಚದೆ ಜಾರಿ ಮೊಣಕಾಲಿಗೆ ಬರುತ್ತದೆ. ಕೊಡಲಿ, ಬಾಚಿಗಳನ್ನು ಸಾಣೆ ಹಿಡಿಯುವಾಗ ಆಗಾಗ ನೀರು ಹಾಕುತ್ತಿರಬೇಕು. ಒಣ ಸಾಣೆಯಲ್ಲಿ ಬಾಯಿ ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತೆಂದು ತಿಳಿಯಬೇಕು. ಅನಂತರ ಅದು ಬೇಗ ಮೊಂಡಾಗುತ್ತದೆ. ಅಂಥದನ್ನು ಕಮ್ಮಾರನ ಕುಲುಮೆಯಲ್ಲಿ ಮತ್ತೆ ಹದಗೊಳಿಸಬೇಕಾಗುತ್ತದೆ.

ಕಾವು ಸಡಿಲಾಗಿದ್ದರೆ ಕೊಡಲಿಯನ್ನು ನೀರಿನಲ್ಲಿ ನೆನೆಸಿ ಬಿಗಿಮಾಡುವ ರೂಢಿಯುಂಟು. ಕಾವು ಒಣಗಿದೊಡನೆ ಅದು ಮೊದಲಿಗಿಂತ ಹೆಚ್ಚು ಸಡಿಲಾಗುತ್ತದೆ. ಒಣ ಕಾವನ್ನು ಸರಿಯಾಗಿ ಕೂಡಿಸಿ ಬೆಣೆ ಹೊಡೆಯುವುದೇ ಸರಿಯಾದ ಮಾರ್ಗ.

ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲಿನಿಂದ ನಡೆಯುವ ಯಂತ್ರಗರಗಸ, ಅಂದರೆ ಚೈನ್ ಸಾ, ಹಳ್ಳಿಗಳಿಗೂ ಬಂದಿದೆ. ಅರ್ಧ ದಿನದ ಕೆಲಸವನ್ನು ಅದು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಆದರೆ ಕೊಡಲಿ ಹಿಡಿದು ಬೆಳೆದ ಕೈಗೆ ಈ ಯಂತ್ರದ ಗುಣ ಬೇರೆ. ಮುಖ್ಯವಾಗಿ ಗಮನಿಸತಕ್ಕ ಅಂಶಗಳು ಇವು:

1. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಪ್ರಮಾಣ ಯಂತ್ರದ ಕೈಪಿಡಿಯಲ್ಲಿ ಇದ್ದಂತೆಯೇ ಇರಬೇಕು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಎಣ್ಣೆ ಕಡಿಮೆಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ.

2. ಎಂಜಿನ್ ನಿಲ್ಲಿಸಿ ತಣಿದ ಮೇಲೆಯೇ ಪೆಟ್ರೋಲು ಹಾಕಬೇಕು. ಹಾಕಿದ ಜಾಗದಿಂದ ಹತ್ತು ಅಡಿ ದೂರ ಹೋಗಿ ಚಾಲೂ ಮಾಡಬೇಕು. ಬೀಡಿ, ಸಿಗರೇಟು ಹತ್ತಿರ ಕೂಡದು. ಒಣ ಕಣಿಕೆಯ ಬಣವೆಯ ಬಳಿ ಈ ಕೆಲಸ ಮಾಡಲೇಬಾರದು.

3. ಸರಪಳಿಯಿಂದ ಸಣ್ಣ ಚಕ್ಕೆಗಳು ಬೀಳುತ್ತಿದ್ದರೆ ಹಲ್ಲು ಹರಿತವಿದೆ ಎಂದರ್ಥ. ಹಿಟ್ಟಿನಂಥ ಪುಡಿ ಬಂದರೆ ಕೆಲಸ ನಿಲ್ಲಿಸಿ ಅರ ಹಾಕಬೇಕು. ಒತ್ತಿ ಕೊಯ್ಯುವುದರಿಂದ ಯಂತ್ರವೂ ಕೆಡುತ್ತದೆ, ಆಳೂ ದಣಿಯುತ್ತಾನೆ.

4. ಗರಗಸದ ಪಟ್ಟಿಯ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಯಂತ್ರ ಕಣ್ಣುಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಎಗರುತ್ತದೆ. ಆದ್ದರಿಂದ ಮೂತಿಯಿಂದ ಕೊಯ್ಯಬಾರದು. ಎರಡೂ ಕೈಗಳಿಂದ, ಹೆಬ್ಬೆರಳು ಹಿಡಿಕೆಯ ಸುತ್ತ ಬರುವಂತೆ ಹಿಡಿಯಬೇಕು. ಭುಜಕ್ಕಿಂತ ಎತ್ತರದಲ್ಲಿ, ನಿಚ್ಚಣಿಕೆಯ ಮೇಲೆ ನಿಂತು, ಇಲ್ಲವೆ ಒಂದೇ ಕೈಯಲ್ಲಿ ನಡೆಸಬಾರದು.

5. ಧೋತರ, ಲುಂಗಿ, ಕೊರಳಿಗೆ ಟವೆಲು ಕೂಡದು. ಮೈಗೆ ಹತ್ತಿದ ಬಟ್ಟೆ, ಬೂಟು, ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಬೇಕು. ದಿನವೂ ಈ ಯಂತ್ರ ನಡೆಸುವವನ ಕಿವಿ ಕ್ರಮೇಣ ಮಂದವಾಗುತ್ತದೆ. ಹೋದ ಕಿವಿ ಮತ್ತೆ ಬರುವುದಿಲ್ಲ.

ಮರ ಕೆಡಹುವ ಕ್ರಮ

ಕೊಡಲಿ ಎತ್ತುವ ಮೊದಲು ಒಂದು ಸುತ್ತು ಬಂದು ಮರವನ್ನು ನೋಡಬೇಕು. ಯಾವ ಕಡೆ ವಾಲಿದೆ, ಕೊಂಬೆಗಳ ಭಾರ ಯಾವ ಕಡೆ, ಗಾಳಿ ಎತ್ತ ಬೀಸುತ್ತಿದೆ, ಒಣ ಟೊಂಗೆ ಮೇಲೆ ಸಿಕ್ಕಿಕೊಂಡಿದೆಯೇ, ಜೇನು ಕಟ್ಟಿದೆಯೇ, ಬುಡ ಪೊಳ್ಳಾಗಿದೆಯೇ? ಕೊಡಲಿಯ ಹಿಂಬದಿಯಿಂದ ಬಡಿದಾಗ ಡಬಡಬ ಸದ್ದು ಬಂದರೆ ಪೊಳ್ಳೆಂದು ಭಾವಿಸಿ ಅನುಭವಿಗಳನ್ನು ಕರೆಸಬೇಕು.

ಹತ್ತಿರದಲ್ಲಿ ವಿದ್ಯುತ್ ತಂತಿ ಹಾಯ್ದಿದ್ದರೆ ಯಾವ ಧೈರ್ಯವೂ ಬೇಡ. ಪಂಪಸೆಟ್ಟಿನ ತಂತಿಯೂ ಅಷ್ಟೇ ಅಪಾಯ. ಹೆಸ್ಕಾಂ ಶಾಖೆಗೆ ತಿಳಿಸಿ, ಲೈನಮನ್ ಬಂದು ಕರೆಂಟು ತೆಗೆದ ಮೇಲೆಯೇ ಕೆಲಸಕ್ಕೆ ಕೈಹಚ್ಚಬೇಕು.

ಮರದ ಎತ್ತರದ ಎರಡರಷ್ಟು ದೂರದೊಳಗೆ ಕಡಿಯುವವರ ಹೊರತು ಯಾರೂ ಇರಕೂಡದು. ಉರುವಲು ಆರಿಸಲು ಬರುವ ಹೆಂಗಸರು, ಮಕ್ಕಳು, ಕಾಯಿ ಮೇಯುವ ಆಡುಗಳು ಮರದ ಕೆಳಗೇ ಸುಳಿದಾಡುತ್ತವೆ. ಅವರನ್ನು ನೋಡಿಕೊಳ್ಳಲು ಒಬ್ಬ ಆಳನ್ನು ಬೇರೆಯೇ ನಿಲ್ಲಿಸಬೇಕು.

ಮರ ಬೀಳುವ ದಿಕ್ಕಿಗೆ ಎದುರಾಗಿ, ಹಿಂದಕ್ಕೆ ಓರೆಯಾಗಿ, ಎರಡೂ ಬದಿಗೆ ಓಡಿಹೋಗುವ ದಾರಿಯನ್ನು ಮೊದಲೇ ಹಸನು ಮಾಡಿಟ್ಟುಕೊಳ್ಳಬೇಕು. ಎರೆ ಹೊಲದಲ್ಲಿ ಇದು ವಿಶೇಷವಾಗಿ ಮುಖ್ಯ. ಬೇಸಿಗೆಯಲ್ಲಿ ಎರೆ ಮಣ್ಣು ಕಾಲು ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಮರ ವಾಲುವಾಗ ಮೇಲೆ ನೋಡುತ್ತ ಹಿಂದೆ ಸರಿಯುವವನ ಕಾಲು ಬಿರುಕಿನಲ್ಲಿ ಸಿಕ್ಕರೆ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ಆ ದಾರಿಯ ಬಿರುಕುಗಳಿಗೆ ಹೆಂಟೆ ತುಂಬಿ ತುಳಿದು, ಮುಳ್ಳುಕಂಟಿ ತೆಗೆದಿಟ್ಟರೆ ಹತ್ತು ನಿಮಿಷದ ಕೆಲಸ.

ಇನ್ನು ಕೊಯ್ಯುವ ಕ್ರಮ. ಮರ ಬೀಳಬೇಕಾದ ಕಡೆಗೆ ಮೊದಲು ಕಚ್ಚು ತೆಗೆಯಬೇಕು. ಕಚ್ಚಿನ ಆಳ ಬುಡದ ಅಡ್ಡಳತೆಯ ಐದನೆಯ ಒಂದರಿಂದ ನಾಲ್ಕನೆಯ ಒಂದು ಭಾಗ ಇರಲಿ. ಅದರ ಬಾಯಿ ಚೆನ್ನಾಗಿ ತೆರೆದಿರಲಿ. ಅನಂತರ ಹಿಂದಿನಿಂದ, ಕಚ್ಚಿನ ತಳಕ್ಕಿಂತ ಎರಡು ಬೆರಳು ಮೇಲೆ, ಮಟ್ಟಸವಾಗಿ ಕೊಯ್ಯುತ್ತ ಬರಬೇಕು. ಆದರೆ ಪೂರ್ತಿ ಕೊಯ್ದುಬಿಡಬಾರದು. ಅಡ್ಡಳತೆಯ ಹತ್ತನೆಯ ಒಂದು ಭಾಗದಷ್ಟು ಮರವನ್ನು ನಡುವೆ ಪಟ್ಟಿಯಂತೆ ಉಳಿಸಬೇಕು. ಬಾಗಿಲಿಗೆ ಬಿಜಾಗರಿ ಇದ್ದಂತೆ ಈ ಪಟ್ಟಿ ಮರವನ್ನು ಹಿಡಿದು ಗೊತ್ತಾದ ದಿಕ್ಕಿಗೆ ಬಾಗಿಸುತ್ತದೆ. ಉದಾಹರಣೆಗೆ, ಬುಡ 40 ಸೆಂ.ಮೀ. ಅಡ್ಡಳತೆಯಿದ್ದರೆ ಕಚ್ಚು 8ರಿಂದ 10 ಸೆಂ.ಮೀ., ಉಳಿಸುವ ಪಟ್ಟಿ 4 ಸೆಂ.ಮೀ. ಪಟ್ಟಿಯನ್ನೂ ಕೊಯ್ದುಬಿಟ್ಟರೆ ಮರ ಯಾವ ಕಡೆ ತಿರುಗುವುದೆಂದು ಯಾರೂ ಹೇಳಲಾರರು. ಗರಗಸ ಸಿಕ್ಕಿಕೊಳ್ಳದಂತೆ ಹಿಂದಿನ ಕೊಯ್ತದಲ್ಲಿ ಮರದ ಬೆಣೆ ಹೊಡೆಯುತ್ತ ಹೋಗಬೇಕು. ಯಂತ್ರಗರಗಸದ ಬಳಿ ಕಬ್ಬಿಣದ ಬೆಣೆ ಬೇಡ.

ಬಹಳ ವಾಲಿದ ಜಾಲಿ ಅರ್ಧ ಕೊಯ್ಯುವಾಗಲೇ ಬುಡದಿಂದ ಉದ್ದಕ್ಕೆ ಸೀಳಿ ಹಿಂದಕ್ಕೆ ಒದೆಯುವುದುಂಟು. ಅಂಥ ಮರಕ್ಕೆ ಕೊಯ್ತದ ಮೇಲ್ಭಾಗದಲ್ಲಿ ಸರಪಳಿ ಬಿಗಿದು, ಅನುಭವಿಯಿಂದಲೇ ಕಡಿಸಬೇಕು. ಬೀಳುವ ಮರ ಇನ್ನೊಂದಕ್ಕೆ ಆತುಕೊಂಡು ನಿಂತರೆ ಅದರ ಕೆಳಗೆ ಹೋಗಬಾರದು, ಹತ್ತಬಾರದು, ಆತುಕೊಂಡ ಮರವನ್ನೂ ಕಡಿಯಬಾರದು. ಉದ್ದ ಹಗ್ಗ ಕಟ್ಟಿ, ಮರದ ಎತ್ತರದ ಎರಡರಷ್ಟು ದೂರದಿಂದ ಎಳೆದು ಕೆಡಹಬೇಕು.

ಗಾಯವಾದಲ್ಲಿ ರಕ್ತ ಸೋರುವ ಜಾಗವನ್ನು ಶುಚಿಯಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, 108ಕ್ಕೆ ಕರೆ ಮಾಡಬೇಕು. ಸೊಪ್ಪು, ಸುಣ್ಣ, ಮಣ್ಣು ಹಚ್ಚಬಾರದು. ಕಣ್ಣಿಗೆ ಮುಳ್ಳು ನೆಟ್ಟರೆ ಕೀಳದೆ, ಉಜ್ಜದೆ, ಒತ್ತಡ ಬೀಳದಂತೆ ಮುಚ್ಚಿ ಕಣ್ಣಿನ ವೈದ್ಯರಲ್ಲಿಗೆ ಒಯ್ಯಬೇಕು. ಜಾಲಿಮುಳ್ಳು ಆಳವಾಗಿ ನೆಟ್ಟರೆ ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳುವುದನ್ನು ಮರೆಯಬಾರದು.

ಸಾಗಿಸುವಾಗ

ನಾಲ್ಕು ಅಡಿ ಸುತ್ತಳತೆಯ, ಎಂಟು ಅಡಿ ಉದ್ದದ ಹಸಿ ಜಾಲಿ ತುಂಡು ಸುಮಾರು ಮೂರು ಕ್ವಿಂಟಲ್ ತೂಗಬಹುದು. ಇದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವಾಗ ಸರಪಳಿಯನ್ನು ಹಿಂಬದಿಯ ಕೆಳಗಿನ ಎಳೆಪಟ್ಟಿಗೇ ಹಾಕಬೇಕು. ಅಚ್ಚಿಗೆ ಅಥವಾ ಅದಕ್ಕಿಂತ ಮೇಲೆ ಕಟ್ಟಿದರೆ, ತುಂಡು ಒಡ್ಡಿಗೆ ಸಿಕ್ಕ ಕ್ಷಣದಲ್ಲಿ ಟ್ರ್ಯಾಕ್ಟರಿನ ಮುಂಗಾಲಿಗಳು ಮೇಲೆದ್ದು ಹಿಂದಕ್ಕೆ ಮಗುಚಿಕೊಳ್ಳಬಹುದು. ಚಾಲಕನಿಗೆ ಜಿಗಿಯಲೂ ಸಮಯ ಸಿಗದು. ಎಳೆಯುವ ತುಂಡಿನ ಮೇಲೆ ಯಾರೂ ಕೂಡಬಾರದು, ಬಿಗಿದ ಸರಪಳಿಯನ್ನು ದಾಟಬಾರದು.

ಅಳತೆ ತಿಳಿದು ಮಾರಬೇಕು

ಒಡ್ಡಿನ ಮರವನ್ನು ಕಣ್ಣಂದಾಜಿನಿಂದ, ನಿಂತಲ್ಲಿಯೇ ಮಾರುವುದು ಸಾಮಾನ್ಯ. ಇದರಿಂದ ನಷ್ಟ ರೈತನಿಗೆ. ಅಳೆಯುವುದು ಸುಲಭ. ತುಂಡಿನ ನಡುಮಧ್ಯದಲ್ಲಿ ಸುತ್ತಳತೆ ತೆಗೆದು, ಅದನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಬೇಕು. ನಾಲ್ಕು ಅಡಿ ಸುತ್ತಳತೆ, ಎಂಟು ಅಡಿ ಉದ್ದವಿದ್ದರೆ, ನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ 1; 1 × 1 × 8 = 8 ಘನ ಅಡಿ. ತುಂಡಿನಲ್ಲಿ ನಿಜವಾಗಿ ಇರುವುದು ಸುಮಾರು 10.2 ಘನ ಅಡಿ. ಈ ಲೆಕ್ಕದಲ್ಲಿ ಕೊಯ್ಯುವಾಗಿನ ನಷ್ಟಕ್ಕೆಂದು ನೂರಕ್ಕೆ 21ರಷ್ಟು ಈಗಾಗಲೇ ಬಿಟ್ಟುಕೊಟ್ಟಂತಾಗಿದೆ. ಆದ್ದರಿಂದ ವ್ಯಾಪಾರಿ ಅದೇ ಕಾರಣ ಹೇಳಿ ಮತ್ತೊಮ್ಮೆ ಕಡಿತ ಕೇಳಿದರೆ ಒಪ್ಪಬೇಕಾಗಿಲ್ಲ.

ಒಣಗಿಸುವ ಕ್ರಮ

ಹಸಿಮರ ಒಣಗುವಾಗ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ವರ್ಷಬಳೆಗಳ ಸುತ್ತಿನ ಕಡೆಗೆ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಈ ಹೆಚ್ಚುಕಡಿಮೆಯಿಂದಲೇ ಇಡೀ ತುಂಡು ಸೀಳುತ್ತದೆ, ಹಲಗೆ ಸೊಟ್ಟಾಗುತ್ತದೆ. ಇದನ್ನು ತಡೆಯಲು ಹೆಚ್ಚು ಖರ್ಚಿಲ್ಲ:

- ಕಡಿದ ದಿನವೇ ತುಂಡುಗಳ ಎರಡೂ ತುದಿಗೆ ಡಾಂಬರು, ಹಳೆಯ ಬಣ್ಣ ಅಥವಾ ಕರಗಿಸಿದ ಮೇಣ ದಪ್ಪಗೆ ಬಳಿಯಬೇಕು. ಏನೂ ಇಲ್ಲವಾದರೆ ಸಗಣಿ ಮಣ್ಣು ಕಲಸಿ ಮೆತ್ತಿ, ಉದುರಿದಾಗ ಮತ್ತೆ ಮೆತ್ತಬೇಕು.
- ತೊಗಟೆಯನ್ನು ಬೇಗ ಸುಲಿಯಬೇಕು. ತೊಗಟೆಯ ಕೆಳಗೇ ಹುಳು ಮೊಟ್ಟೆಯಿಡುತ್ತದೆ.
- ದಿಂಡು, ನೊಗಗಳಿಗೆ ಬೇಕಾದ ಅಳತೆಗಿಂತ ಸ್ವಲ್ಪ ಹೆಚ್ಚು ಬಿಟ್ಟು ಹಸಿಯಿರುವಾಗಲೇ ಸೀಳಿಟ್ಟುಕೊಳ್ಳಬೇಕು. ನಡುವಿನ ತಿರುಳು ಒಳಗೇ ಉಳಿದ ತುಂಡು ಖಂಡಿತ ಬಿರಿಯುತ್ತದೆ.
- ನೆಲದಿಂದ ಒಂದು ಅಡಿ ಎತ್ತರಕ್ಕೆ ಕಲ್ಲಿಟ್ಟು, ಸಾಲು ಸಾಲಿನ ನಡುವೆ ಒಂದೇ ದಪ್ಪದ ಕಟ್ಟಿಗೆ ಕೊಟ್ಟು, ನೆರಳಿನಲ್ಲಿ ಒಟ್ಟಬೇಕು. ಕಟ್ಟಿಗೆಗಳು ಒಂದರ ಮೇಲೊಂದು ನೇರಕ್ಕೆ ಬರಬೇಕು. ಗಾಳಿಯಾಡಬೇಕು, ಬಿಸಿಲು ಬೀಳಬಾರದು.

ಹಿಂದಿನವರು ಜಾಲಿಯ ತುಂಡುಗಳನ್ನು ಕೆರೆ, ಬಾವಿಗಳಲ್ಲಿ ಕೆಲವು ವಾರ ಮುಳುಗಿಸಿಡುತ್ತಿದ್ದರು. ಇದು ಕುರುಡು ರೂಢಿಯಲ್ಲ. ನೀರಿನಲ್ಲಿ ಬಿಳಿ ಭಾಗದ ಪಿಷ್ಟ, ಸಕ್ಕರೆಗಳು ಕರಗಿ ಹೋಗಿ ಹುಳುವಿಗೆ ಆಹಾರ ಕಡಿಮೆಯಾಗುತ್ತದೆ. ಆದರೆ ಕುಡಿಯುವ ನೀರಿನ ಕೆರೆಯಲ್ಲಿ ಹಾಕಬಾರದು. ನೆನೆಸಿದ ಮೇಲೆ ನೆರಳಿನಲ್ಲಿ ಒಣಗಿಸುವುದಂತೂ ತಪ್ಪದು.

ಮರ ಒಣಗಿತೋ ಇಲ್ಲವೋ ಎಂದು ತಿಳಿಯಲು ತಕ್ಕಡಿ ಸಾಕು. ಒಟ್ಟಿಲಿನಿಂದ ಒಂದು ತುಂಡನ್ನು ಗುರುತು ಮಾಡಿ, ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಬೇಕು. ತೂಕ ಇಳಿಯುತ್ತಿರುವತನಕ ಮರ ಹಸಿ. ಮೂರು ಸಲ ಒಂದೇ ತೂಕ ಬಂದರೆ ಅಲ್ಲಿಯ ಹವೆಗೆ ತಕ್ಕಂತೆ ಒಣಗಿತೆಂದು ತಿಳಿಯಬಹುದು. ಮಳೆಗಾಲದಲ್ಲಿ ಹವೆಯ ತೇವದಿಂದ ತೂಕ ಸ್ವಲ್ಪ ಏರಬಹುದಾದ್ದರಿಂದ ಈ ಪರೀಕ್ಷೆಯನ್ನು ಒಣ ತಿಂಗಳುಗಳಲ್ಲಿ ಮಾಡುವುದು ಮೇಲು. ತೆಳು ಹಲಗೆ ಕೆಲವೇ ತಿಂಗಳಲ್ಲಿ ಒಣಗುತ್ತದೆ. ದಪ್ಪ ದಿಂಡಿಗೆ ಒಂದು ವರ್ಷ ಕೊಡುವುದು ಕ್ಷೇಮ.

ಕಾವು ಮತ್ತು ಕಂಬ

ಕಾವಿಗೆ ಕೊಯ್ದ ಮರಕ್ಕಿಂತ ಸೀಳಿದ ಮರ ಉತ್ತಮ. ಸೀಳಿದಾಗ ಎಳೆ ತುದಿಯಿಂದ ತುದಿಗೆ ಓಡುತ್ತದೆ. ಗಂಟು ಇರಬಾರದು. ಎಳೆ ಓರೆಯಾಗಿ ಕಾವಿನ ಹೊರಗೆ ಹಾಯ್ದಿದ್ದರೆ ಅದು ಅಲ್ಲಿಯೇ ಮುರಿಯುತ್ತದೆ. ಕಾವಿಗೆ ಬಣ್ಣ ಹಚ್ಚುವುದಕ್ಕಿಂತ ಅಗಸೆ ಎಣ್ಣೆ ತಿಕ್ಕುವುದು ಒಳ್ಳೆಯದು. ಬಣ್ಣ ಬಿರುಕನ್ನು ಮುಚ್ಚಿಡುತ್ತದೆ, ಅಂಗೈಗೆ ಗುಳ್ಳೆ ತರುತ್ತದೆ. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಒಗೆಯದೆ ಹರವಿ ಒಣಗಿಸಬೇಕು. ಮುದ್ದೆಯಾಗಿ ಬಿದ್ದ ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು.

ಕಂಬಗಳು ಕೆಡುವುದು ನೆಲದ ಮಟ್ಟದಲ್ಲಿ. ಅಲ್ಲಿ ತೇವವೂ ಇದೆ, ಗಾಳಿಯೂ ಇದೆ, ಗೆದ್ದಲೂ ಇದೆ. ಬುಡಕ್ಕೆ ಡಾಂಬರು ಬಳಿಯುವುದಾದರೆ ಕಂಬ ಪೂರ್ತಿ ಒಣಗಿರಬೇಕು, ನೆಲದಿಂದ ಒಂದು ಅಡಿ ಮೇಲಿನವರೆಗೆ ಬಳಿಯಬೇಕು. ಹಸಿಮರಕ್ಕೆ ಬಳಿದರೆ ತೇವ ಒಳಗೇ ಉಳಿದು ಕೊಳೆಯುತ್ತದೆ. ಸಾಧ್ಯವಿದ್ದಲ್ಲಿ ಕಂಬವನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುವುದೇ ಲೇಸು. ಹಳೆಯ ಮನೆಗಳ ಕಂಬಗಳು ಇಷ್ಟು ಕಾಲ ಬಾಳಿದ್ದಕ್ಕೆ ಕೆಳಗಿನ ಆ ಕಲ್ಲೂ ಒಂದು ಕಾರಣ.

ಕಡಿದವನೇ ನೆಡಬೇಕು

ಒಂದು ಜಾಲಿ ಉಪಕರಣಕ್ಕೆ ಬರುವಷ್ಟು ಬಲಿಯಲು ಹತ್ತಾರು ವರ್ಷ ಬೇಕು. ಆದ್ದರಿಂದ ಒಂದು ಕಡಿದ ವರ್ಷವೇ ನಾಲ್ಕು ಹಚ್ಚಬೇಕು. ಜಾಲಿಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿನಲ್ಲಿ ಹಾಕಿ, ಅದರಲ್ಲಿಯೇ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಊರಿದರೆ ಚೆನ್ನಾಗಿ ಮೊಳೆಯುತ್ತದೆ. ಆಡಿನ ಹಟ್ಟಿಯಲ್ಲಿ ಆಡುಗಳು ಉಗುಳಿದ ಬೀಜವೂ ಬೇಗ ನಾಟುತ್ತದೆ. ಮುಂಗಾರು ಹಿಡಿದ ಮೇಲೆ ಒಡ್ಡಿನ ಮೇಲೆ 15ರಿಂದ 20 ಅಡಿಗೊಂದರಂತೆ ಎರಡೆರಡು ಬೀಜ ಊರಿ, ಗಟ್ಟಿಯಾದ ಒಂದು ಸಸಿಯನ್ನು ಉಳಿಸಬೇಕು. ಮೊದಲ ಎರಡು ವರ್ಷ ದನಕರುಗಳಿಂದ ಕಾಯಲು ಬಳ್ಳಾರಿ ಜಾಲಿಯ ಕಂಟಿ ಸುತ್ತಿದರೆ ಸಾಕು.

ಜಾಲಿಯ ನೆರಳಿನಿಂದ ಬೆಳೆ ಕುಗ್ಗುತ್ತದೆ ಎಂಬ ದೂರು ನಿಜ. ಅದಕ್ಕೆ ಮರವನ್ನೇ ತೆಗೆಯಬೇಕಾಗಿಲ್ಲ. ಕೆಳಗಿನ ಟೊಂಗೆಗಳನ್ನು ಎಳೆಯದರಲ್ಲಿಯೇ ಸವರುತ್ತ ಬಂದರೆ ನೆರಳು ಕಡಿಮೆಯಾಗುತ್ತದೆ, ದಿಂಡೂ ಗಂಟಿಲ್ಲದೆ ನೆಟ್ಟಗೆ ಬರುತ್ತದೆ. ಟೊಂಗೆ ಸವರುವಾಗ ಮೊದಲು ಕೆಳಗಿನಿಂದ ಅರ್ಧ ಕೊಯ್ದು, ಅನಂತರ ಸ್ವಲ್ಪ ಮುಂದೆ ಮೇಲಿನಿಂದ ಕೊಯ್ಯಬೇಕು. ಹಾಗೆ ಮಾಡಿದರೆ ತೊಗಟೆ ಸುಲಿಯುವುದಿಲ್ಲ. ಉಳಿದ ಮೋಟನ್ನು ಟೊಂಗೆಯ ಬುಡದ ಉಬ್ಬಿಗೆ ಪೆಟ್ಟಾಗದಂತೆ ತೆಗೆದರೆ ಗಾಯ ಬೇಗ ಮುಚ್ಚುತ್ತದೆ.

ಹೆಚ್ಚಿನ ತಿಳುವಳಿಕೆ ಬೇಕಾದವರು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಇಲ್ಲವೆ ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ಈ ವರ್ಷ ಕಡಲೆ ರಾಶಿಯಾದ ಮೇಲೆ ಮನೆಯ ರಂಟೆ, ಕುಂಟೆ, ಕೂರಿಗೆ, ಚಕ್ಕಡಿಗಳನ್ನು ಒಮ್ಮೆ ಹೊರಗೆಳೆದು ನೋಡಬೇಕು. ಯಾವುದು ಇನ್ನೊಂದು ವರ್ಷ ಮಾತ್ರ ನಡೆಯುತ್ತದೆಯೋ ಅದಕ್ಕೆ ಬೇಕಾದ ಮರವನ್ನು ಆಗಲೇ ಕಡಿದು, ತುದಿಗೆ ಡಾಂಬರು ಬಳಿದು, ನೆರಳಿಗೆ ಒಟ್ಟಬೇಕು. ಮುಂದಿನ ರೋಹಿಣಿ ಮಳೆಗೆ ಒಡ್ಡಿನ ಕಡೆ ಕೊಡಲಿ ಹಿಡಿದು ಓಡುವ ಪ್ರಸಂಗ ಬರಲಾರದು.